ಮೂರನೆಯ ಸಾಲಿನ ಸೊನ್ನೆ

೧

ಹೇಗೆ ಆರಂಭಿಸಬೇಕೆಂಬುದು ನನಗೆ ಗೊತ್ತಿದೆ, ತೊಂದರೆಯಿರುವುದೇ ಅಲ್ಲಿ. ಹಳೆಯ ಕಾವ್ಯಶಾಸ್ತ್ರ ಈ ವಿಷಯದಲ್ಲಿ ಯಾವ ಸಂದೇಹಕ್ಕೂ ಎಡೆಯಿಟ್ಟಿಲ್ಲ. ಮೊದಲು ದೇವರಿಗೆ ನಮಸ್ಕಾರ, ಆಮೇಲೆ ಹಿರಿಯ ಕವಿಗಳಿಗೆ, ಆಮೇಲೆ ಕುಕವಿಗಳಿಗೆ ಒಂದು ಸಣ್ಣ ಪೆಟ್ಟು, ಅನಂತರ ಹದಿನೆಂಟು ವರ್ಣನೆಗಳು. ಹದಿನೆಂಟರಲ್ಲಿ ಮೊದಲನೆಯದು ಸಮುದ್ರ. ದೇವರಿಗೆ ನಮಸ್ಕಾರ ಬೆಳಗ್ಗೆಯೇ ಆಗಿದೆ. ಹಿರಿಯರು ಕ್ಷಮಿಸುತ್ತಾರೆ. ಕುಕವಿಯನ್ನು ಹುಡುಕಲು ಮನೆಯಿಂದ ಹೊರಗೆ ಹೋಗಬೇಕಾಗಿಲ್ಲವೆಂಬುದು ನಿಮಗೆ ಇನ್ನೆರಡು ಪುಟಗಳಲ್ಲಿ ತಿಳಿಯಲಿದೆ. ಆದ್ದರಿಂದ ನೇರವಾಗಿ ಸಮುದ್ರವರ್ಣನೆಗೆ ಬರೋಣ.

ಸಮುದ್ರ ಇರಲಿಲ್ಲ.

ಬಸ್ಸಿನಿಂದಿಳಿದು, ಬಿಳಿಯ ಪಂಚೆಯನ್ನು ಎತ್ತಿ ಹಿಡಿದುಕೊಂಡು ಬಂದರಿನ ಗೋಡೆಯ ಮೇಲೆ ನಿಂತು ನೋಡಿದರೆ ಅದು ಎದ್ದು ಹೋಗಿತ್ತು. ಒರಟು ಕರಿಬಂಡೆಗಳ ತೀರದಲ್ಲಿ ಬಂಡೆಯನ್ನೇ ಕಡಿದು ಮಾಡಿದ, ದೊಡ್ಡ ಕಲ್ಲುತೊಟ್ಟಿಯಂಥ ಹಳೆಯ ಬಂದರು ಅದು. ದಿನಕ್ಕೆರಡು ಸಲ ಸಮುದ್ರ ಬಂದು ಅದನ್ನು ತುಂಬುತ್ತದೆ, ಎರಡು ಸಲ ಬರಿದುಮಾಡಿ ಹೋಗುತ್ತದೆ. ನಾನು ಹೋದದ್ದು ಬರಿದಾದ ಹೊತ್ತಿಗೆ. ದೋಣಿಗಳು ಕೆಸರಿನಲ್ಲಿ, ಭಾರಿ ಊಟದ ಮೇಲೆ ಅಡ್ಡಾದ ನೆಂಟರ ಹಾಗೆ, ಒಂದೊಂದು ಒಂದೊಂದು ದಿಕ್ಕಿಗೆ ಹೊಟ್ಟೆ ತಿರುಗಿಸಿ ಮಲಗಿದ್ದವು. ಗೋಡೆಗಿಳಿಬಿಟ್ಟ ಕಬ್ಬಿಣದ ಏಣಿಗಳ ಕೆಳಗಿನ ಅರ್ಧ ಹಸಿರು ಪಾಚಿ, ಮೇಲಿನ ಅರ್ಧ ತುಕ್ಕು. ಹಗ್ಗ ಕಟ್ಟುವ ಕಲ್ಲುಗಂಬಗಳ ಕೊರಳು ನೂರಾರು ವರ್ಷ ಹಗ್ಗ ಉಜ್ಜಿ ಉಜ್ಜಿ ಸವೆದಿತ್ತು. ನದಿಗಳ ಒಡೆಯ, ರತ್ನಗಳ ಗಣಿ ಎಂದೆಲ್ಲ ಸಮುದ್ರವನ್ನು ಹೊಗಳಿದ ಕವಿಗಳಲ್ಲಿ ಒಬ್ಬರಾದರೂ, ಯಜಮಾನರು ಹೊರಗೆ ಹೋಗಿದ್ದಾರೆ, ಮಧ್ಯಾಹ್ನ ಬನ್ನಿ ಎಂಬ ಉತ್ತರಕ್ಕೆ ಸಿದ್ಧರಾಗಿರಲಿಲ್ಲ. ನಾನೂ ಇರಲಿಲ್ಲ.

(ಆವರಣಗಳ ಬಗ್ಗೆ ಒಂದು ಮಾತು. ಕಲ್ಲಿನ ಬರಹ ಓದುವ ನಮ್ಮ ಕಸುಬಿನಲ್ಲಿ ಚೌಕದ ಆವರಣಕ್ಕೆ ಒಂದು ಗೊತ್ತಾದ ಅರ್ಥವಿದೆ: ಅದರೊಳಗಿನ ಅಕ್ಷರ ಕಲ್ಲಿನಲ್ಲಿಲ್ಲ, ಸವೆದುಹೋಗಿದೆ, ಓದುವವನು ಊಹಿಸಿ ತುಂಬಿದ್ದಾನೆ. ಈ ಕಥೆಯಲ್ಲಿ ನಾನು ಗುಂಡಗಿನ ಆವರಣವನ್ನೇ ಬಳಸುತ್ತಿದ್ದೇನೆ. ಎಲ್ಲಾದರೂ ಚೌಕದ್ದು ಕಂಡರೆ ನಂಬಬೇಡಿ.)

೧ (ಎರಡನೆಯ ಸಲ)

ಮೇಲಿನದನ್ನು ಓದಿ ನನ್ನ ಹೆಂಡತಿ ಹೇಳಿದ್ದು, ಇದು ಚೆನ್ನಾಗಿದೆ, ಆದರೆ ಇದರಲ್ಲಿ ನೀವು ಹೇಳಬೇಕಾದದ್ದನ್ನು ಹೇಳಿಲ್ಲ, ಎಂದು. ನಲವತ್ತು ವರ್ಷಗಳಿಂದ ನನ್ನ ಎಲ್ಲ ಬರಹಕ್ಕೂ ಅವಳ ಅಭಿಪ್ರಾಯ ಇದೇ. ಈ ಸಲ ಮಾತ್ರ ಅದು ವಿಮರ್ಶೆಯಲ್ಲ, ಮಾಹಿತಿ.

ಓದುಗರೇ, ನಾನು ಈ ಕಥೆಯನ್ನು ಬರೆಯುತ್ತಿರುವುದು ಒಂದು ಕಾಗದವನ್ನು ಬರೆಯದೆ ಇರುವುದಕ್ಕೆ. ಕಾಗದಕ್ಕೆ ನಾಲ್ಕು ವಾಕ್ಯ ಸಾಕು. ಕಥೆ ಈಗಾಗಲೇ ಆರನೆಯ ಹಾಳೆಯಲ್ಲಿದೆ.

೨

ಇನ್ನು ಕಲ್ಲಿನ ವಿಷಯ. ಬಂದರಿನ ತೊಟ್ಟಿಯಿಂದ ಊರಿಗೆ ಹತ್ತುವ ಮೆಟ್ಟಿಲುಗಳ ಪಕ್ಕದ ಗೋಡೆಯಲ್ಲಿ, ಹನ್ನೊಂದನೆಯ ಮೆಟ್ಟಿಲ ಎತ್ತರಕ್ಕೆ, ಹಳೆಯ ಲಿಪಿಯ ಮೂರು ಸಾಲುಗಳ ಕಲ್ಲೊಂದಿದೆ. ಮೂವತ್ತು ವರ್ಷಗಳ ಹಿಂದೆ ಅದನ್ನು ಮೊದಲು ಓದಿದವನು ನಾನು. ಸ್ಥಳಕ್ಕೆ ಹೋಗಿ ಓದಿದೆನೆಂದುಕೊಳ್ಳಬೇಡಿ. ಯಾರೋ ಮಸಿಯೊತ್ತಿ ಕಳಿಸಿದ ಪ್ರತಿಯನ್ನು, ಸಮುದ್ರದಿಂದ ಬಹು ದೂರದ ನನ್ನ ಕೋಣೆಯಲ್ಲಿ, ದೀಪಕ್ಕೆ ಹಿಡಿದು ಓದಿದೆ. ಹೀಗೆ:

ಭರತಂ ಬಂದು ನಿಂದ ಕಲ್
ಇದಱಿಂ ಕೆಳಗೆ ಮನೆ ಸಲ್ಲದು
ಮತ್ತಂ ಬರ್ಪ[ಂ]

ಮೂರನೆಯ ಸಾಲಿನ ಕೊನೆ ಉಪ್ಪುಗಾಳಿಗೆ ಸವೆದಿತ್ತು. ‘ಬರ್ಪ’ ಎಂಬಲ್ಲಿಗೆ ಕಲ್ಲು ಬಾಯಿ ಮುಚ್ಚಿಕೊಂಡಿತ್ತು. ನಾನು ಅದಕ್ಕೆ ಒಂದು ಸೊನ್ನೆಯನ್ನು ದಾನಮಾಡಿದೆ. ‘ಬರ್ಪಂ’ ಎಂದಾಯಿತು, ಬರುತ್ತಾನೆ ಎಂದರ್ಥ. ಯಾರು? ಮೊದಲ ಸಾಲಿನಲ್ಲಿ ನಿಂತಿದ್ದಾನಲ್ಲ, ಭರತ. ಭರತನೆಂಬ ಅರಸು ಬಂದು ನಿಂತ ಕಲ್ಲು ಇದು, ಮತ್ತೆ ಬರುತ್ತಾನೆ. ನಡುವಿನ ಸಾಲು ಸ್ವಲ್ಪ ಮೊಂಡುತನ ಮಾಡಿತು. ಅರಸನ ಶಾಸನದಲ್ಲಿ ಮನೆಗೇನು ಕೆಲಸ? ಮನೆಯೆಂದರೆ ಮನೆತನವೆಂದು ತಿಳಿದು, ‘ಇದಕ್ಕಿಂತ ಕೆಳಗಿನ ಮನೆತನ [ಆಳಲು] ಸಲ್ಲದು’ ಎಂದು ಬಿಡಿಸಿದೆ. (ಚೌಕವನ್ನು ಗಮನಿಸಿದಿರಾ?) ನಾಡು ಬಿಟ್ಟುಹೋದ ದೊಡ್ಡ ಮನೆತನದ ದೊರೆ, ಹಿಂತಿರುಗಿ ಬರುವೆನೆಂಬ ಅವನ ಆಣೆ: ನಾನೂರು ಪುಟಗಳ ಗ್ರಂಥವಾಯಿತು. ಒಂದು ಸೊನ್ನೆಯಿಂದ ನಾನೂರು ಪುಟ ತೆಗೆದವನನ್ನು ಜನ ಗೌರವಿಸದೆ ಇರುತ್ತಾರೆಯೇ? ಶಾಲು ಹೊದೆಸಿದರು. ಈಗ ಎರಡನೆಯ ಆವೃತ್ತಿ ಅಚ್ಚಿನಲ್ಲಿದೆ.

ಬಂದರಿನವರೂ ಸುಮ್ಮನಿರಲಿಲ್ಲ. ಮೆಟ್ಟಿಲಿಗೆ ‘ಅರಸನ ಮೆಟ್ಟಿಲು’ ಎಂದು ಹೆಸರಾಯಿತು. ಹೆರಿಟೇಜ್ ಕಚೇರಿ ಬಂತು, ಬ್ರೋಷರ್ ಬಂತು. ಅದರ ಮುಖಪುಟದಲ್ಲಿ, ಯಾರೂ ಎಂದೂ ನೋಡದ ಅರಸು ಕತ್ತಿಯ ಮೇಲೆ ಕೈಯಿಟ್ಟು ಸಮುದ್ರವನ್ನು ದಿಟ್ಟಿಸುತ್ತಿದ್ದಾನೆ. ಅವನ ಮೂಗು ಸ್ವಲ್ಪ ನನ್ನದರಂತಿದೆಯೆಂದು ಹೇಳುವವರಿದ್ದಾರೆ. ನಾನು ಅಲ್ಲಗಳೆದಿಲ್ಲ.

೩

ಹೊಡೆದುಹಾಕಿದ್ದೇನೆ. ಇಲ್ಲಿ ಸೂರ್ಯೋದಯದ ವರ್ಣನೆಯಿತ್ತು. ನಾನು ಹೋದದ್ದು ಹನ್ನೊಂದು ಗಂಟೆಗೆ.

೪

ಹೋದದ್ದೇಕೆ? ಕಚೇರಿಯ ಅಧಿಕಾರಿ ಕರೆಸಿಕೊಂಡರು. ಕಲ್ಲಿನ ಪಕ್ಕದಲ್ಲಿ ಹಾಕುವ ಹೊಸ ಫಲಕದ ಒಕ್ಕಣೆಯನ್ನು ತಿದ್ದಿಕೊಡಬೇಕಿತ್ತು. ಅಧಿಕಾರಿ ವಿನಯವಂತರು. ನನ್ನನ್ನು ‘ಗುರುಗಳೇ’ ಎನ್ನುತ್ತಾರೆ. ನನ್ನ ಪುಸ್ತಕವನ್ನು ಮೇಜಿನ ಮೇಲೆ, ಹಾರುವ ಹಾಳೆಗಳ ಮೇಲಿಟ್ಟಿದ್ದಾರೆ. ಅವರ ಕೋಣೆಯಲ್ಲಿ ತೇವಕ್ಕೆ ಉಬ್ಬಿದ ಫೈಲುಗಳು, ಐದು ನಿಮಿಷ ಮುಂದಿರುವ ಗೋಡೆ ಗಡಿಯಾರ, ಅದರ ಕೆಳಗೆ ಸಮುದ್ರ ಯಾವ ದಿನ ಯಾವ ಹೊತ್ತಿಗೆ ಎಷ್ಟು ಏರುತ್ತದೆಂಬ ಅಚ್ಚಾದ ವೇಳಾಪಟ್ಟಿ. ಆ ಪಟ್ಟಿಯನ್ನು ನಾನು ಕ್ಯಾಲೆಂಡರೆಂದು ತಿಳಿದೆ.

ಅರಸನ ಹಾಗೆಯೇ ಬಂದವರೂ ಎತ್ತರದಲ್ಲಿ ನಿಂತು ಸಮುದ್ರ ನೋಡುವಂತೆ ಏರ್ಪಾಡು ಮಾಡಿದ್ದೇವೆಂದು ಅವರು ಹೇಳಿದರು. ಏರ್ಪಾಡೆಂದರೆ, ಕಲ್ಲಿಗಿಂತ ಮೇಲೆ, ಮೆಟ್ಟಿಲ ತುದಿಯಲ್ಲಿದ್ದ ತಗಡಿನ ಶೆಡ್ಡೊಂದನ್ನು ಖಾಲಿ ಮಾಡಿಸಿದ್ದರು. ಅಲ್ಲಿ ಬಲೆ ಹೆಣೆಯುವ ಹೆಂಗಸೊಬ್ಬಳು ಅತ್ತೆಯೊಡನೆ ವಾಸವಾಗಿದ್ದಳು. ದೋಣಿಯವರೆಲ್ಲ ಅವಳನ್ನು ಬಲೆಯಕ್ಕ ಎನ್ನುತ್ತಾರೆ. ಅವರಿಬ್ಬರಿಗೂ ಈಗ ಕೆಳಗೆ, ತೊಟ್ಟಿಯ ಅಂಚಿನಲ್ಲಿ, ಹಳೆಯ ಹಗ್ಗದ ಗೋದಾಮನ್ನು ಸುಣ್ಣ ಬಳಿದು ಒಂದು ಕೋಣೆ ಕೊಟ್ಟಿದ್ದರು. ಫಲಾನುಭವಿಗಳನ್ನು ಭೇಟಿಮಾಡಿಸುತ್ತೇನೆ ಬನ್ನಿ ಎಂದು ಅಧಿಕಾರಿ ನನ್ನನ್ನು ಕರೆದೊಯ್ದು, ಫೋನು ಬಂದಿತೆಂದು ಬಾಗಿಲಲ್ಲೇ ಬಿಟ್ಟುಹೋದರು.

ಕೋಣೆಯ ಅರ್ಧದಷ್ಟು ಬಲೆಯೇ ತುಂಬಿತ್ತು. ಬಲೆಯಕ್ಕ ನೆಲದ ಮೇಲೆ ಕಾಲು ಚಾಚಿ ಕುಳಿತು, ಹೆಬ್ಬೆರಳಿಗೆ ಬಲೆಯ ಅಂಚನ್ನು ಸಿಕ್ಕಿಸಿಕೊಂಡು, ದಾರ ಸುತ್ತಿದ ಮರದ ಸೂಜಿಯಿಂದ ಹರಿದ ಕಡೆ ಗಂಟು ಹಾಕುತ್ತಿದ್ದಳು. ಬಲೆಯ ಕಣ್ಣುಗಳೆಲ್ಲ ಒಂದೇ ಅಳತೆಗೆ ಬರಲೆಂದು ಪ್ರತಿ ಗಂಟಿಗೂ ಒಂದು ಚಪ್ಪಟೆ ಮರದ ತುಂಡನ್ನು ಒಳಗಿಟ್ಟು ತೆಗೆಯುತ್ತಿದ್ದಳು. ಹೊಸ ಸುಣ್ಣದ ಗೋಡೆಯ ಮೇಲೆ ಎದೆಯ ಎತ್ತರಕ್ಕೆ ಕಂದು ಗೆರೆಯೊಂದು ಉದ್ದಕ್ಕೂ ಮೂಡಿತ್ತು. ಸುಣ್ಣ ಬಳಿದವನ ಸೋಮಾರಿತನವೆಂದು ಮನಸ್ಸಿನಲ್ಲೇ ಟಿಪ್ಪಣಿ ಮಾಡಿಕೊಂಡೆ. ಮೂಲೆಯ ಮಂಚದ ಮೇಲೆ, ಸೊಂಟ ಮುರಿದು ಎರಡು ವರ್ಷಗಳಿಂದ ಏಳಲಾರದ ಅತ್ತೆ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ನೀವೇನಾ ಆ ಕಲ್ಲು ಓದಿದ ಪಂಡಿತರು?”

ಹೌದೆಂದೆ. ಏನಂತ ಬರೆದಿದೆ ಎಂದು ಕೇಳಿದರು. ಭರತ ಬಂದು ನಿಂತ ಕಲ್ಲೆಂದು ಬರೆದಿದೆಯಮ್ಮ ಎಂದು, ಮಕ್ಕಳಿಗೂ ಮುದುಕರಿಗೂ ಮೀಸಲಿಟ್ಟ ದನಿಯಲ್ಲಿ ಹೇಳಿದೆ.

“ಅದಕ್ಕೆ ಓದಬೇಕಾ? ಭರತ ಬಂದಿದ್ದನ್ನ ನಾನೇ ನೋಡಿದೀನಿ.”

ನಾನು ನಕ್ಕೆ. ಯಾವಾಗಮ್ಮ ಎಂದೆ.

“ನನಗೆ ಹಾಲುಹಲ್ಲು ಬೀಳ್ತಿದ್ದ ವಯಸ್ಸು. ಕಲ್ಲಿನ ತನಕ ಬಂತು. ನಮ್ಮ ಕೋಳಿ, ಪಾತ್ರೆ, ಎಲ್ಲ ತಗೊಂಡು ಹೋಯ್ತು.”

ಓದುಗರೇ, ಇಲ್ಲಿ ನೀವಾಗಿದ್ದರೆ ಅರ್ಥಮಾಡಿಕೊಳ್ಳುತ್ತಿದ್ದಿರಿ. ನನಗೆ ಕೇಳಿಸಿದ್ದು ವ್ಯಾಕರಣದೋಷ. ದೊರೆಯೊಬ್ಬನನ್ನು ಕುರಿತು ‘ಬಂತು’, ‘ಹೋಯ್ತು’! ಮುದುಕಿಗೆ ಲಿಂಗವೂ ವಚನವೂ ಕೈಬಿಟ್ಟಿವೆಯೆಂದು ಮರುಕಪಟ್ಟು, ಮೆಲ್ಲಗೆ ತಿದ್ದಿದೆ: “ಬಂದರು ಅನ್ನಬೇಕಮ್ಮ.”

“ಬಂದರು ಇದೇ ಅಲ್ವಾ, ನಾವು ಕೂತಿರೋದು. ಬಂದರಿಗೇ ಬಂತು ಅಂತಾ ಇರೋದು ನಾನು.” ಆಮೇಲೆ ಸೊಸೆಯ ಕಡೆ ತಿರುಗಿ, “ಏನೇ ಇವರು, ಭರತಕ್ಕೆ ಬಹುವಚನ ಕೊಡಬೇಕಂತೆ. ಇಳಿತಕ್ಕೆ ಏನು ಕೊಡ್ತಾರೋ ಕೇಳು” ಎಂದರು.

ಬಲೆಯಕ್ಕ ತಲೆಯೆತ್ತಲಿಲ್ಲ. ಅವಳ ಭುಜ ಅಲುಗಿದ್ದರಿಂದ ನಗುತ್ತಿದ್ದಾಳೆಂದು ತಿಳಿಯಿತು.

೫

ಭರತ, ಇಳಿತ. ಸಮುದ್ರ ಏರುವುದು, ಇಳಿಯುವುದು. ತೀರದ ಮಗುವಿಗೂ ಗೊತ್ತಿರುವ ಮಾತು. ನಿಘಂಟಿನಲ್ಲಿಯೂ ಇದೆ, ಮೊದಲನೆಯ ಅರ್ಥವಲ್ಲ ಅಷ್ಟೆ. ನಾನು ಮೊದಲನೆಯ ಅರ್ಥದಲ್ಲೇ ಪಾದ ಊರಿದವನು. ಅರಸನೊಬ್ಬ ಸಿಕ್ಕಮೇಲೆ ನೀರನ್ನು ಯಾರು ಹುಡುಕುತ್ತಾರೆ?

ಮೆಟ್ಟಿಲ ಮೇಲೆ ಕುಳಿತು ಕಲ್ಲನ್ನು ಮೊದಲ ಬಾರಿಗೆ ಕಲ್ಲಿನಲ್ಲೇ ಓದಿದೆ. ‘ಬಂದು ನಿಂದ’ ಎಂಬ ರೂಪದಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ. ಯಾರಿಗಾದರೂ ಯಾವುದಕ್ಕಾದರೂ ಸಲ್ಲುತ್ತದೆ. ‘ಭರತಂ’ ಎಂಬುದರ ಕೊನೆಯ ಸೊನ್ನೆ ‘ಅರಸಂ’ ಎಂದು ಅರಸನಿಗೂ ಆಗುತ್ತದೆ, ‘ಮರಂ’ ಎಂದು ಮರಕ್ಕೂ ಆಗುತ್ತದೆ. ಎಲ್ಲವನ್ನೂ ತೀರ್ಮಾನಿಸಬೇಕಾದದ್ದು ಕೊನೆಯ ಕ್ರಿಯಾಪದ. ಆ ಸವೆದ ‘ಪ’ದ ಕೆಳಗೆ ಬೆರಳಿಟ್ಟು ಸವರಿದಾಗ ಸಣ್ಣ ಕೊಂಬೊಂದು ಉಗುರಿಗೆ ಸಿಕ್ಕಿತು. ಪು. ‘ಬರ್ಪುದು’. ಬರುತ್ತದೆ. ಮಸಿಪ್ರತಿಯಲ್ಲಿ ಬಾರದ ಕೊಂಬು.

ಭರತ ಬಂದು ನಿಂತ ಕಲ್ಲು. ಇದಕ್ಕಿಂತ ಕೆಳಗೆ ಮನೆ ಕೂಡದು. ಮತ್ತೆ ಬರುತ್ತದೆ.

ಎಂದೋ ಮನೆಮಠ ಕಳೆದುಕೊಂಡ ಯಾರೋ, ಮುಂದೆ ಬರುವವರು ಕಳೆದುಕೊಳ್ಳದಿರಲೆಂದು, ಇದ್ದ ಶಕ್ತಿಯಲ್ಲಿ ಮೂರು ಸಾಲು ಕೊರೆಸಿದ್ದರು. ಸಾಲುಗಳು ಕೆಲಸವನ್ನೂ ಮಾಡುತ್ತಿದ್ದವು. ನಾನು ಓದುವವರೆಗೆ.

ಬಲೆಯಕ್ಕ ಹಿಂದೆಯೇ ಬಂದು ನಿಂತಿದ್ದಳು. ಇದನ್ನೆಲ್ಲ ಕಚೇರಿಗೆ ಅವಳು ಆಗಲೇ ಹೇಳಿದ್ದಳಂತೆ. ಕಲ್ಲಿನ ಅರ್ಥವನ್ನು ದೊಡ್ಡ ವಿದ್ವಾಂಸರು ನಿಷ್ಕರ್ಷೆ ಮಾಡಿಬಿಟ್ಟಿದ್ದಾರೆ, ನೀವು ಮಧ್ಯೆ ಬಾಯಿ ಹಾಕಬೇಡಿ ಎಂದು ಅಧಿಕಾರಿ ವಿನಯದಿಂದಲೇ ಕಳಿಸಿದರಂತೆ. ಕಚೇರಿಯ ಗೋಡೆಯ ವೇಳಾಪಟ್ಟಿಯ ಪ್ರಕಾರ ವರ್ಷದ ಅತಿ ದೊಡ್ಡ ಭರತಕ್ಕೆ ಇನ್ನು ಹದಿನೆಂಟು ದಿನ. ಬೆಳಗ್ಗೆ ಹನ್ನೊಂದೂ ಇಪ್ಪತ್ತಕ್ಕೆ. ಕಲ್ಲಿನ ತನಕ ಬರದಿದ್ದರೂ ಕೋಣೆಯ ಗೋಡೆಯ ಆ ಕಂದು ಗೆರೆಯ ತನಕ ಬರುತ್ತದೆ. ಮಂಚದ ಎತ್ತರ ಅದರ ಅರ್ಧ.

“ಒಂದು ಕಾಗದ ಬರೆದುಕೊಡಿ ಮೇಷ್ಟ್ರೇ” ಎಂದಳು. “ಓದಿದ್ದು ತಪ್ಪಾಯ್ತು ಅಂತ ನೀವು ಹೇಳಿದ್ರೆ ಶೆಡ್ಡು ವಾಪಸ್ ಕೊಡ್ತಾರೆ. ಬೇರೆ ಯಾರು ಹೇಳಿದ್ರೂ ಕೊಡಲ್ಲ.”

ಬರೆಯುತ್ತೇನೆ ಎಂದೆ. ಏನನ್ನು ಎಂದು ಹೇಳಲಿಲ್ಲ.

೬

ದೇವರ ಮುಂದೆ ಕುಳಿತು ತಪ್ಪೊಪ್ಪಿಕೊಂಡೆ. ಅದು ಕಷ್ಟವಾಗಲಿಲ್ಲ. ದೇವರು ಎರಡನೆಯ ಆವೃತ್ತಿ ಅಚ್ಚುಹಾಕುವುದಿಲ್ಲ, ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳುವುದಿಲ್ಲ. ಎದ್ದು ಬಂದು, ಕಾಗದದ ಬದಲು ಕಥೆಗೆ ಕೈಹಾಕಿದೆ. ಕಥೆಯಲ್ಲಾದರೆ ಸತ್ಯವನ್ನೆಲ್ಲ ಹೇಳಬಹುದು, ಯಾರೂ ನಂಬುವುದಿಲ್ಲ. ಆಧುನಿಕೋತ್ತರ ಎಂದು ಮೇಲೆ ಬರೆದರೆ ಅರ್ಥವೂ ಆಗಬೇಕಿಲ್ಲ. ಮೂರು ಮುಕ್ತಾಯಗಳನ್ನು ಸಿದ್ಧಮಾಡಿದೆ. ನೋಡಿ.

ಮೊದಲನೆಯ ಮುಕ್ತಾಯ. ಫಲಕದ ಅನಾವರಣ. ಗಣ್ಯರು ಕುಳಿತಿದ್ದಾರೆ. ವೃದ್ಧ ಪಂಡಿತ ಮೈಕಿನ ಮುಂದೆ ನಿಂತು, ನಡುಗುವ ಆದರೆ ನಿರ್ಭೀತವಾದ ದನಿಯಲ್ಲಿ, ‘ನಾನು ತಪ್ಪಿದೆ’ ಎನ್ನುತ್ತಾನೆ. ಒಂದು ಕ್ಷಣ ಮೌನ. ಆಮೇಲೆ ಚಪ್ಪಾಳೆ; ನಿಲ್ಲುವುದೇ ಇಲ್ಲ.

ಇಷ್ಟು ಬರೆಯುವಷ್ಟರಲ್ಲಿ ಬಲೆಯಕ್ಕ ಪುಟದ ಅಂಚಿಗೆ ಬಂದು ಕುಳಿತಳು. (ಪಾತ್ರಗಳು ಹೀಗೆ ಬರುವುದು ಈ ಬಗೆಯ ಕಥೆಗಳ ಪದ್ಧತಿ. ನಾನು ಕರೆದಿರಲಿಲ್ಲ.) ಸಮಾರಂಭ ಯಾವತ್ತು ಎಂದು ಕೇಳಿದಳು. ಮುಂದಿನ ತಿಂಗಳು ಎಂದೆ. ಭರತ ಈ ತಿಂಗಳಲ್ಲಿದೆ ಎಂದಳು. ಕಥೆಯಲ್ಲಿ ದಿನಾಂಕವನ್ನು ಹಿಂದೆಮುಂದೆ ಮಾಡಬಹುದೆಂದು ವಿವರಿಸಿದೆ.

“ಮಾಡಿ. ಚಪ್ಪಾಳೆ ನಿಮಗೆ ಬಿತ್ತು, ಸರಿ. ಶೆಡ್ಡು ಯಾರಿಗೆ ಬಿತ್ತು?”

ಎರಡನೆಯ ಮುಕ್ತಾಯ. ಪಂಡಿತ ಸುಮ್ಮನಿದ್ದುಬಿಡುತ್ತಾನೆ. ಭರತ ಬರುತ್ತದೆ. ನೀರಿಳಿದ ಮೇಲೆ ಖಾಲಿ ಮಂಚ ಕೆಸರಿನಲ್ಲಿ ಓರೆಯಾಗಿ ನಿಂತಿದೆ. ಪಂಡಿತ ಮೆಟ್ಟಿಲ ಮೇಲೆ ಕುಳಿತು ಅಳುತ್ತಾನೆ. ಕರುಣರಸಕ್ಕೆ ಬೇಕಾದ ಸಾಮಗ್ರಿಯೆಲ್ಲ ಒದಗಿದ್ದರಿಂದ ಈ ಭಾಗ ಮೂರು ಪುಟ ಬೆಳೆಯಿತು. ಬರೆಯುವಾಗ ನಿಜವಾಗಿಯೂ ಕಣ್ಣೀರು ಬಂತು. ಈ ಸಲ ಮಾತಾಡಿದ್ದು ಅತ್ತೆ, ಮಂಚದಿಂದಲೇ.

“ನನ್ನನ್ನ ಮುಳುಗಿಸಿ ನೀವು ಅಳ್ತೀರಾ? ಅಳು ಬಹಳ ಚೆನ್ನಾಗಿ ಬಂದಿದೆ ಬೇರೆ.”

ಮೂರನೆಯ ಮುಕ್ತಾಯ. ಅಲ್ಲಿ ಕಲ್ಲಿಲ್ಲ, ಕಡಲಿಲ್ಲ, ಭರತನೂ ಇಲ್ಲ, ಭರತವೂ ಇಲ್ಲ. ಇರುವುದು ಬರೀ ಓದು. ಪ್ರತಿ ಓದೂ ತಪ್ಪೋದು. ಆದ್ದರಿಂದ ಯಾವ ಓದೂ ತಪ್ಪಲ್ಲ. ಇದನ್ನು ಬರೆದಾಗ ನನಗೆ ಬಹಳ ಹಗುರವೆನಿಸಿತು. ಬಲೆಯಕ್ಕ ಎರಡು ಸಲ ಓದಿಸಿ ಕೇಳಿದಳು. ಆಮೇಲೆ, ಮರದ ಸೂಜಿಗೆ ದಾರ ಸುತ್ತುತ್ತ, “ನೀರು ಹೊಸಲಿಗೆ ಬಂದಾಗ ಇದನ್ನ ಅದಕ್ಕೆ ಓದಿ ಹೇಳ್ತೀನಿ” ಎಂದಳು.

ಪಾತ್ರಗಳ ಮಾತಿಗೆ ಕಿವಿಗೊಡಬಾರದೆಂದು ನಿಶ್ಚಯಿಸಿ ಮೂರನ್ನೂ ಹೆಂಡತಿಗೆ ಕೊಟ್ಟೆ. ಅವಳು ತರಕಾರಿ ಹೆಚ್ಚುತ್ತಲೇ ಓದಿದಳು.

“ಮೂರರಲ್ಲೂ ನೀವೇ ದೊಡ್ಡವರು ಕಣ್ರೀ. ತಪ್ಪು ಮಾಡಿದ್ರಲ್ಲೂ ನಿಮ್ಮಷ್ಟು ದೊಡ್ಡವರು ಯಾರೂ ಇಲ್ಲ. ಆ ಮುದುಕಿಗೆ ಒಂದು ಮಂಚದಷ್ಟು ಜಾಗ ಬೇಕು, ಅದು ಮೂರರಲ್ಲೂ ಇಲ್ಲ.”

ಆರು ದಿನ ಕಳೆದಿತ್ತು. ಹನ್ನೆರಡು ಉಳಿದಿತ್ತು.

೭

ಕಾಗದ ಬರೆದೆ. ಮೊದಲ ಕರಡಿನಲ್ಲಿ ‘ಶಾಸನಪಾಠದ ಮರುಪರಿಶೀಲನೆಗೆ ಅವಕಾಶವಿದ್ದಿರಬಹುದೆಂದು ತೋರುತ್ತದೆ’ ಎಂದಿತ್ತು. ಹೆಂಡತಿ ಪೆನ್ನು ಕಿತ್ತುಕೊಂಡು ಅದರ ಮೇಲೆ ಗೆರೆಯೆಳೆದಳು. ಕೊನೆಗೆ ಹೋದದ್ದು ಇದು:

‘ಮಾನ್ಯರೇ, ಮೆಟ್ಟಿಲ ಕಲ್ಲನ್ನು ನಾನು ತಪ್ಪಾಗಿ ಓದಿದ್ದೆ. ಅದರಲ್ಲಿ ಹೇಳಿರುವ ಭರತ ಅರಸನಲ್ಲ, ಸಮುದ್ರದ ಏರಿಕೆ. ಕಲ್ಲಿಗಿಂತ ಕೆಳಗೆ ಮನೆ ಮಾಡಕೂಡದೆಂದೂ ನೀರು ಮತ್ತೆ ಬರುವುದೆಂದೂ ಅದರ ಅರ್ಥ. ಕೆಳಗಿನ ಕೋಣೆಯಲ್ಲಿರುವ ಇಬ್ಬರಿಗೆ ಮೇಲಿನ ಶೆಡ್ಡನ್ನು ಕೂಡಲೇ ಹಿಂತಿರುಗಿಸಬೇಕು.’

ನಾಲ್ಕು ವಾಕ್ಯ. ಚೌಕದ ಆವರಣವಿಲ್ಲ. ಇಲ್ಲಿಗೆ ಕಥೆ ಮುಗಿಯಬಹುದಿತ್ತು, ನೀತಿಯೂ ಇತ್ತು. ಆದರೆ ನಾಲ್ಕು ದಿನಗಳ ಮೇಲೆ ಕಚೇರಿಯಿಂದ ಎರಡು ಲಕೋಟೆ ಒಟ್ಟಿಗೆ ಬಂದವು.

ಮೊದಲನೆಯದು ನನ್ನ ಕಾಗದಕ್ಕೆ ಉತ್ತರ. ತಮ್ಮ ಆಕ್ಷೇಪಣೆಯನ್ನು ಸ್ವೀಕರಿಸಲಾಗಿದೆ. ಸದರಿ ಶಾಸನದ ಬಗ್ಗೆ ಕಚೇರಿಯ ಮಾನ್ಯತೆ ಪಡೆದ ತಜ್ಞರ ಅಭಿಪ್ರಾಯ ಕೋರಲಾಗಿದೆ. ಅದು ಬಂದ ನಂತರ ಮುಂದಿನ ಕ್ರಮ.

ಎರಡನೆಯದು ಆ ತಜ್ಞರಿಗೆ. ಎಂದರೆ ನನಗೆ. ತಾವು ಓದಿರುವ ಶಾಸನದ ಬಗ್ಗೆ ವ್ಯಕ್ತಿಯೊಬ್ಬರು ಆಕ್ಷೇಪಣೆ ಎತ್ತಿರುತ್ತಾರೆ. ತಮ್ಮ ಅಮೂಲ್ಯ ಅಭಿಪ್ರಾಯವನ್ನು ಮೂವತ್ತು ದಿನಗಳೊಳಗಾಗಿ ತಿಳಿಸಬೇಕಾಗಿ ವಿನಂತಿ.

(ಇದು ನಾನು ಕಟ್ಟಿದ್ದಲ್ಲ. ಕಟ್ಟುವುದಾಗಿದ್ದರೆ ಇಷ್ಟು ಚೆನ್ನಾಗಿ ಕಟ್ಟಲಾಗುತ್ತಿರಲಿಲ್ಲ.)

ಹೆಂಡತಿ ಎರಡನ್ನೂ ಓದಿ, ಆ ತಜ್ಞರು ಬಹಳ ಬಿಗುಮಾನದ ಮನುಷ್ಯರು, ಬೇಗ ಒಪ್ಪುವವರಲ್ಲ, ಯಾರಾದರೂ ಹೋಗಿ ಮಾತಾಡಬೇಕು ಎಂದಳು. ನಾನು ಅಂದೇ ಒಪ್ಪಿದೆ. ಆಕ್ಷೇಪಣೆ ಎತ್ತಿದ ವ್ಯಕ್ತಿಯ ಮಾತು ಸಂಪೂರ್ಣ ಸರಿಯೆಂದೂ, ತಜ್ಞನು ಮೂವತ್ತು ವರ್ಷ ತಪ್ಪಿನಲ್ಲಿದ್ದನೆಂದೂ ಬರೆದು ಸಹಿ ಮಾಡಿ ಕಳಿಸಿದೆ. ಮೂರು ದಿನದ ಮೇಲೆ ಅಧಿಕಾರಿಯೇ ಫೋನು ಮಾಡಿದರು.

“ಗುರುಗಳೇ, ಫೈಲಲ್ಲಿ ಆಕ್ಷೇಪಣೆನೂ ನಿಮ್ಮದು, ಅಭಿಪ್ರಾಯನೂ ನಿಮ್ಮದು. ಎರಡೂ ಒಂದೇ ಕೈಬರಹ. ನಾಳೆ ಮೇಲಿನವರು ನೋಡಿದ್ರೆ ನನ್ನನ್ನ ಏನಂತಾರೆ?”

ಇಂಥ ಸಂದರ್ಭಕ್ಕೆ ದಾರಿಯೊಂದಿತ್ತು: ಜಂಟಿ ಸ್ಥಳ ಪರಿಶೀಲನೆ. ಒಂದು ಫಾರಂ. ವಿವಾದದ ಕೋಣೆಯ ಒಳಗೆ ನಿಂತು ತಜ್ಞರೂ ಅಧಿಕಾರಿಯೂ ಕಂಡದ್ದನ್ನು ಬರೆದು ಇಬ್ಬರೂ ಅಲ್ಲಿಯೇ ಸಹಿ ಮಾಡಬೇಕು. ಮಾಡಿದರೆ, ಕೋಣೆ ವಾಸಕ್ಕೆ ಯೋಗ್ಯವಲ್ಲವೆಂದು ಅಂದೇ ಆದೇಶ ಹೊರಡುತ್ತದೆ, ಶೆಡ್ಡು ಅಂದೇ ಮರಳುತ್ತದೆ. ಮಾಡದಿದ್ದರೆ ಫೈಲು ಸಮಿತಿಗೆ. ಸಮಿತಿ ಸೇರುವುದು ಯಾವಾಗಲೋ. ನಿಮಗೆ ಅನುಕೂಲವಾದ ದಿನ ಹೇಳಿ ಎಂದರು.

ಹೇಳಿದೆ. ಹನ್ನೊಂದು ಗಂಟೆಗೆ ಎಂದು ವೇಳೆಯನ್ನೂ ಹೇಳಿದೆ. ಅವರು ವೇಳಾಪಟ್ಟಿಯ ಕಡೆ ತಿರುಗಿ ನೋಡಿದ ಹಾಗೆ ಫೋನಿನಲ್ಲಿ ಕೇಳಿಸಲಿಲ್ಲ.

೮

ಇದನ್ನು ಬರೆಯುತ್ತಿರುವುದು ಆ ದಿನವೇ, ಆ ಕೋಣೆಯಲ್ಲೇ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು, ಫಾರಂನ ಕೆಳಗಿಟ್ಟ ಹಾಳೆಗಳಲ್ಲಿ. ಆದ್ದರಿಂದ ಈ ಭಾಗಕ್ಕೆ ಕರಡಿಲ್ಲ.

ಬಲೆಯಕ್ಕ ನಿನ್ನೆಯೇ ಬಲೆಗಳನ್ನೂ ಒ‌ಲೆಯನ್ನೂ ಮೇಲಕ್ಕೆ ಸಾಗಿಸಿದ್ದಾಳೆ. ಮಂಚದ ಕಾಲುಗಳಿಗೆ ಎರಡೆರಡು ಇಟ್ಟಿಗೆ ಕೊಟ್ಟಿದ್ದಾಳೆ. ಬಾಗಿಲ ಹೊರಗೆ ಇಬ್ಬರು ದೋಣಿಯವರು ಅತ್ತೆಯನ್ನು ಎತ್ತಿ ಒಯ್ಯಲು ಉದ್ದನೆಯ ಹಲಗೆ ಹಿಡಿದು ನಿಂತಿದ್ದಾರೆ. ಎತ್ತಿಸಿಕೊಳ್ಳಲು ಅತ್ತೆ ಒಪ್ಪುತ್ತಿಲ್ಲ. ಬೆಳಗ್ಗಿನಿಂದ ಸೊಸೆ ಬೇಡಿಕೊಂಡಿದ್ದಾಳೆ, ಬೈದಿದ್ದಾಳೆ, ಒಮ್ಮೆ ಅತ್ತೂ ಇದ್ದಾಳೆ. ನಾನು ನನಗೆ ತಿಳಿದ ಅತ್ಯುತ್ತಮ ಭಾಷೆಯಲ್ಲಿ ಕೇಳಿಕೊಂಡೆ. ಅವರು ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ:

“ನನ್ನನ್ನ ಎತ್ಕೊಂಡು ಹೋದ್ರೆ ಇದು ಖಾಲಿ ಕೋಣೆ. ಖಾಲಿ ಕೋಣೆಗೆ ನೀರು ಬಂದ್ರೆ ಯಾರಿಗೇನು? ಒಣಗಿದ ಮೇಲೆ ಸುಣ್ಣ ಬಳಿದು ಮತ್ತೆ ಇಲ್ಲೇ ತಂದು ಹಾಕ್ತಾರೆ. ಆ ಸಾಹೇಬ್ರು ಬಂದು, ನೋಡಿ, ಬರೆದುಕೊಳ್ಳಲಿ. ಆಮೇಲೆ ಎತ್ತಿ.”

ಇದಕ್ಕೆ ನನ್ನಲ್ಲಿ ಖಂಡನೆಯಿಲ್ಲ. ತರ್ಕಶಾಸ್ತ್ರವನ್ನು ಎಂಟು ವರ್ಷ ಓದಿದ್ದೇನೆ.

ಹನ್ನೊಂದಾಗಲು ಹತ್ತು ನಿಮಿಷವಿರುವಾಗ ಹೊಸಲಿನ ಕೆಳಗಿನಿಂದ ನೀರು ಸದ್ದಿಲ್ಲದೆ ಒಳಗೆ ಬಂತು. ಅಬ್ಬರವಿಲ್ಲ, ಅಲೆಯಿಲ್ಲ, ತನ್ನ ಮನೆಗೆ ತಾನು ಬಂದಷ್ಟು ಸಹಜವಾಗಿ ನೆಲದ ಮೇಲೆ ಹರಡಿ, ಮಂಚದ ಕೆಳಗೆ ಹೊಕ್ಕು, ಇಟ್ಟಿಗೆಗಳನ್ನು ಸುತ್ತುವರಿಯಿತು. ಅತ್ತೆ ಅದನ್ನು ನೋಡಿ ಆಮೇಲೆ ನನ್ನನ್ನು ನೋಡಿದರು.

“ಕಾಲು ಮೇಲಿಟ್ಕೊಳ್ಳಿ ಪಂಡಿತರೇ. ಶೀತ ಆಗುತ್ತೆ.”

ಮೇಲಿಟ್ಟುಕೊಂಡಿದ್ದೇನೆ. ಫಾರಂನಲ್ಲಿ ನನ್ನ ಭಾಗವನ್ನು ತುಂಬಿ ಸಹಿ ಮಾಡಿದ್ದೇನೆ: ಕೋಣೆಯೊಳಗೆ ನೀರು, ಹನ್ನೊಂದಕ್ಕೆ ಗೇಣುದ್ದ, ಇನ್ನೂ ಏರುತ್ತಿದೆ. ಅದರ ಕೆಳಗೆ ಅಧಿಕಾರಿಯ ಸಹಿಗೆ ಬಿಟ್ಟ ಜಾಗ ಖಾಲಿಯಿದೆ.

ಅಧಿಕಾರಿ ಬಂದಿದ್ದಾರೆ. ವೇಳೆಗೆ ಸರಿಯಾಗಿ ಬಂದರು. ಅವರ ಮೇಲೆ ಆ ದೂರಿಲ್ಲ. ಬಾಗಿಲೆದುರಿನ ಮೆಟ್ಟಿಲುಗಳಲ್ಲಿ ನೀರು ಮುಟ್ಟದ ಮೊದಲನೆಯದರ ಮೇಲೆ, ಫೈಲನ್ನು ಎದೆಗವುಚಿಕೊಂಡು ನಿಂತಿದ್ದಾರೆ. ಆ ಮೆಟ್ಟಿಲು ಆಗಾಗ ಬದಲಾಗುತ್ತಿದೆ. ತಮಗೆ ಅಲ್ಲಿಂದಲೇ ಎಲ್ಲ ಕಾಣಿಸುತ್ತಿದೆಯೆಂದೂ, ಫಾರಮನ್ನು ಯಾರಾದರೂ ಮೇಲಕ್ಕೆ ತಂದುಕೊಟ್ಟರೆ ಸಹಿ ಮಾಡಿಬಿಡುತ್ತೇನೆಂದೂ ಕೂಗಿ ಹೇಳಿದರು. ಬಲೆಯಕ್ಕ ಕೈ ಚಾಚಿದಳು. ಒಂದು ಕ್ಷಣ ನಾನೂ ಕೊಡಹೋದೆ. ಓದುಗರೇ, ಕೊಟ್ಟಿದ್ದರೆ ಎಲ್ಲರಿಗೂ ಅನುಕೂಲವಿತ್ತು. ಆದರೆ ದೂರದಲ್ಲಿದ್ದುಕೊಂಡು, ಯಾರೋ ತಂದುಕೊಟ್ಟ ಕಾಗದವನ್ನು ನೋಡಿ ಸಹಿ ಮಾಡಿದವನ ಕೆಲಸ ಏನಾಗುತ್ತದೆಂಬುದನ್ನು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ನಾಳೆ ಮೇಲಿನವರಲ್ಲಿ ಯಾರೋ ಒಬ್ಬ, ಅಧಿಕಾರಿ ಒಳಗೆ ಹೋಗಿರಲಿಲ್ಲವಂತೆ ಎಂಬ ಒಂದೇ ಮಾತಿನಿಂದ ಇದನ್ನು ಅಳಿಸಿಹಾಕುತ್ತಾನೆ. ಫಾರಂನಲ್ಲಿ ‘ಕೋಣೆಯ ಒಳಗೆ’ ಎಂದಿದೆಯೆಂದು, ಆ ಎರಡು ಪದಗಳನ್ನು ಗಟ್ಟಿಯಾಗಿ ಓದಿ ಹೇಳಿದೆ.

“ಗುರುಗಳೇ, ಒಂದು ಪದಕ್ಕೆ ಇಷ್ಟು ಹಟವೇ?”

ಹೌದೆಂದೆ.

ಅವರು ಕೆಳಗೆ ನೋಡಿದರು. ಅವರ ಶೂಗಳು ಹೊಸವು, ಚೆನ್ನಾಗಿ ಪಾಲಿಷ್ ಮಾಡಿದವು, ಲೇಸಿನವು. ನೀರು ಅವುಗಳ ಮುಂದಿನ ಕಲ್ಲನ್ನು ಒದ್ದೆ ಮಾಡಿ ಹಿಂದಕ್ಕೆ ಸರಿಯಿತು, ಮತ್ತೆ ಮಾಡಿತು.

“ಅವರಿಗೆ ಹೇಳು” ಎಂದು ಅತ್ತೆ ಸೊಸೆಗೆ ಅಂದರು, ಹೊರಗೆ ಕೇಳುವಷ್ಟು ಜೋರಾಗಿ. “ಚಪ್ಪಲಿ ಬಿಚ್ಚಿಟ್ಟು ಬರಲಿ. ನಮ್ಮನೇಲಿ ಎಲ್ಲರಿಗೂ ಅದೇ ರೂಲು.”

ಹಲಗೆ ಹಿಡಿದ ದೋಣಿಯವರಲ್ಲೊಬ್ಬ ನಕ್ಕ, ಆಮೇಲೆ ನೀರನ್ನು ನೋಡಿ ನಗು ನಿಲ್ಲಿಸಿದ. ಬಲೆಯಕ್ಕ ಮಂಚದ ತಲೆಯ ಕಡೆ ನಿಂತು, ಅತ್ತೆಯ ಭುಜದ ಕೆಳಗೆ ಎರಡೂ ಕೈ ತೂರಿಸಿ ಸಿದ್ಧಳಾಗಿದ್ದಾಳೆ, ಎತ್ತಿಲ್ಲ. ನೀರು ಇಟ್ಟಿಗೆಗಳನ್ನು ಮುಳುಗಿಸಿ ಮಂಚದ ಕಾಲುಗಳನ್ನು ಏರುತ್ತಿದೆ.

ಆಮೇಲೆ ಏನಾಯಿತೆಂದು ನೀವು ಕೇಳುತ್ತೀರಿ. ಈಗ ಹನ್ನೊಂದು ಗಂಟೆ ಹನ್ನೆರಡು ನಿಮಿಷ; ಭರತ ತುಂಬುವುದು ಹನ್ನೊಂದೂ ಇಪ್ಪತ್ತಕ್ಕೆ. ಎಂಟು ನಿಮಿಷದ ಮುಂದಿನದನ್ನು ಊಹಿಸಿ ತುಂಬುವ ಕೆಲಸವನ್ನು ನಾನು ಬಿಟ್ಟಿದ್ದೇನೆ. ಕಾಣುವಷ್ಟನ್ನು ಬರೆಯುತ್ತೇನೆ. ಅಧಿಕಾರಿ ಫೈಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮೆಟ್ಟಿಲ ಮೇಲೆ ಬಗ್ಗಿದ್ದಾರೆ. ಎರಡೂ ಕೈ ಲೇಸಿನ ಮೇಲಿವೆ. ಬಿಚ್ಚುತ್ತಿದ್ದಾರೋ ಬಿಗಿಯುತ್ತಿದ್ದಾರೋ, ನಾನು ಕುಳಿತಲ್ಲಿಂದ ಕಾಣುವುದಿಲ್ಲ.